ಬಳಚಿನ ಹೊಳೆಗೆ ಬಂದರು ಬಂದರೆ ಏನಾಗುತ್ತದೆ?

ಉತ್ತರ ಕನ್ನಡದ ಕರಾವಳಿಯಲ್ಲಿ ಈಗ ಯಾವುದಾದರೊಂದು ಯೋಜನೆಯ ಸುದ್ದಿ ಇಲ್ಲದ ತಿಂಗಳಿಲ್ಲ. ಅಂಕೋಲಾದ ಕೇಣಿಯಲ್ಲಿ ದೊಡ್ಡ ಬಂದರು, ಹೊನ್ನಾವರದ ಕಾಸರಕೋಡಿನಲ್ಲಿ ಶರಾವತಿ ಕಡಲು ಸೇರುವ ಅಳಿವೆಯ ಬಂದರು, ಅಘನಾಶಿನಿಯ ನೀರನ್ನು ಘಟ್ಟದಾಚೆ ಬಯಲುಸೀಮೆಯ ವೇದಾವತಿ ನದಿಗೆ ಒಯ್ಯುವ ಪ್ರಸ್ತಾಪ. ಅಘನಾಶಿನಿ ಅಳಿವೆಯಲ್ಲಿರುವ ಕುಮಟಾ ತಾಲ್ಲೂಕಿನ ತದಡಿಯ ಹೆಸರಂತೂ ಬಂದರಿಗೆಂದು ಸರ್ಕಾರಿ ಕಡತಗಳಲ್ಲಿ ದಶಕಗಳಿಂದ ಓಡಾಡುತ್ತಿದೆ. ಪ್ರತಿ ಸಲವೂ ‘ಮೀನುಗಾರರಿಗೆ ತೊಂದರೆ’ ಎಂಬ ಮಾತು ಬರುತ್ತದೆ. ಮೀನುಗಾರರು ಎಂದ ಕೂಡಲೇ ನಮಗೆ ಕಾಣುವುದು ಬಲೆ, ದೋಣಿ, ಬೋಟು. ಇವು ಯಾವುವೂ ಇಲ್ಲದೆ, ನೀರಿಳಿದ ಹೊತ್ತು ನೋಡಿ ಮೊಣಕಾಲುದ್ದ ಕೆಸರಿಗಿಳಿದು ಬಳಚು ಎಂಬ ಚಿಪ್ಪುಜೀವಿಯನ್ನು ಹೆಕ್ಕುವವರು ಆ ಚಿತ್ರದಲ್ಲಿ ಇರುವುದಿಲ್ಲ. ಆದರೆ ಅಳಿವೆಯಲ್ಲಿ ಆಗುವ ಬದಲಾವಣೆ ಎಲ್ಲರಿಗಿಂತ ಮೊದಲು ತಟ್ಟುವುದು ಇವರಿಗೆ. ಅದು ಏಕೆ, ಹೇಗೆ ಎಂಬುದನ್ನು ಬುಡದಿಂದ ನೋಡೋಣ.

ಬಳಚು ಎಂಬ ಜೀವಿ

ಎರಡು ಚಿಪ್ಪುಗಳ ನಡುವೆ ಮೆತ್ತನೆಯ ದೇಹ ಇರುವ ಜಲಚರಗಳನ್ನು ಒಟ್ಟಾಗಿ ದ್ವಿಕವಾಟಿಗಳು ಎನ್ನುತ್ತಾರೆ. ಈ ಶಾಸ್ತ್ರದ ಹೆಸರು ಯಾರ ಬಾಯಲ್ಲೂ ಇಲ್ಲ. ಕುಮಟಾ-ಹೊನ್ನಾವರದ ಕಡೆ ಬಳಚು, ಚಿಪ್ಪಿಕಲ್ಲು ಎನ್ನುತ್ತಾರೆ. ಕೊಂಕಣಿಯಲ್ಲಿ ತಿಸ್ರೆ, ತುಳುವಿನಲ್ಲಿ ಮರುವಾಯಿ. ಬಂಡೆಗೆ ಅಂಟಿಕೊಂಡು ಬೆಳೆಯುವ ಸಿಂಪಿಗೆ ಕಲ್ವಾ ಎಂದೂ ಹಸಿರು ಅಂಚಿನ ಕಪ್ಪು ಚಿಪ್ಪಿನದಕ್ಕೆ ಮಂಗಳೂರು ಕಡೆ ಪಚ್ಚಿಲೆ ಎಂದೂ ಹೆಸರು.

ಇವುಗಳ ಬದುಕಿನಲ್ಲಿ ಮುಖ್ಯವಾಗಿ ತಿಳಿಯಬೇಕಾದ್ದು ಎರಡು ಸಂಗತಿ. ಮೊದಲನೆಯದು, ಬೆಳೆದ ಬಳಚಿಗೆ ಓಡಿಹೋಗಲು ಬರುವುದಿಲ್ಲ. ಹುಟ್ಟಿದ ಮೊದಲ ಎರಡು-ಮೂರು ವಾರ ಕಣ್ಣಿಗೆ ಕಾಣದಷ್ಟು ಸಣ್ಣ ಮರಿಯಾಗಿ ನೀರಿನಲ್ಲಿ ತೇಲಾಡುತ್ತದೆ. ಆಮೇಲೆ ತಕ್ಕ ನೆಲ ಸಿಕ್ಕಿದಲ್ಲಿ ಕೂರುತ್ತದೆ. ಮರಳು ಬೆರೆತ ಕೆಸರು ಕೆಲವಕ್ಕೆ, ಕಲ್ಲು ಇನ್ನು ಕೆಲವಕ್ಕೆ. ಅಲ್ಲಿಂದ ಮುಂದೆ ಅದರ ಬದುಕೆಲ್ಲ ಹೆಚ್ಚುಕಡಿಮೆ ಅದೇ ಜಾಗದಲ್ಲಿ. ನೀರು ಕೆಟ್ಟರೆ ಮೀನು ಬೇರೆಡೆ ಈಜಿ ಹೋಗುತ್ತದೆ, ಬಳಚು ಅಲ್ಲೇ ಸಾಯುತ್ತದೆ.

ಎರಡನೆಯದು, ಅದು ಉಣ್ಣುವ ಬಗೆ. ನೀರನ್ನು ಒಳಗೆಳೆದು, ಕಿವಿರಿನಲ್ಲಿ ಸೋಸಿ, ಸೂಕ್ಷ್ಮ ಪಾಚಿ ಮತ್ತು ಸಾವಯವ ಕಣಗಳನ್ನು ಹಿಡಿದು, ಉಳಿದ ನೀರನ್ನು ಹೊರಗೆ ಬಿಡುತ್ತದೆ. ಹಾಲು ಸೋಸುವ ಬಟ್ಟೆಯಲ್ಲಿ ಕಸವೆಲ್ಲ ಉಳಿಯುವ ಹಾಗೆ, ನೀರಿನಲ್ಲಿ ಚೂರುಚೂರಾಗಿ ಹರಡಿದ್ದೆಲ್ಲ ಅದರ ದೇಹದಲ್ಲಿ ಒಟ್ಟಾಗುತ್ತದೆ. ನೀರು ಚೆನ್ನಾಗಿದ್ದರೆ ಅದು ಆಹಾರ, ಕೆಟ್ಟಿದ್ದರೆ ವಿಷ. ಕರಾವಳಿಯ ಮಾಲಿನ್ಯ ಅಳೆಯಲು ವಿಜ್ಞಾನಿಗಳು ಚಿಪ್ಪುಜೀವಿಗಳನ್ನೇ ಪರೀಕ್ಷೆಗೆ ಒಯ್ಯುವುದು ಇದಕ್ಕಾಗಿ.

ಅಘನಾಶಿನಿಯಲ್ಲಿ ಇರುವುದೇನು

ಶಿರಸಿಯ ಸೀಮೆಯಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಜಲಪಾತವಾಗಿ ಧುಮುಕಿ, ಕುಮಟಾ ಮತ್ತು ಗೋಕರ್ಣದ ನಡುವೆ ಕಡಲು ಸೇರುವ ಅಘನಾಶಿನಿಗೆ ಇವತ್ತಿಗೂ ಒಂದು ದೊಡ್ಡ ಅಣೆಕಟ್ಟಿಲ್ಲ. ಅಕ್ಕಪಕ್ಕದ ಕಾಳಿ, ಶರಾವತಿಗಳಿಗೆ ಈ ಮಾತು ಹೇಳುವಂತಿಲ್ಲ. ದೀವಗಿ, ಮಿರ್ಜಾನ, ಹೆಗಡೆ, ಮಾಸೂರು, ಐಗಳಕುರ್ವೆ, ಕಾಗಾಲ, ತದಡಿ ಸುತ್ತಮುತ್ತ ಹೊಳೆ ಅಗಲವಾಗಿ ಹರಡಿಕೊಳ್ಳುತ್ತದೆ. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಸಾಲು, ಕುರ್ವೆ ಎಂಬ ನಡುಗಡ್ಡೆಗಳು, ಕಗ್ಗ ಎಂಬ ಉಪ್ಪುನೀರು ತಡೆಯುವ ಭತ್ತ ಬೆಳೆದು ಬೇಸಿಗೆಯಲ್ಲಿ ಮೀನು-ಸಿಗಡಿ ಹಿಡಿಯುವ ಗಜನಿ ಗದ್ದೆಗಳು, ನಡುವೆ ನೀರಿಳಿದಾಗ ಮೇಲೇಳುವ ಕೆಸರುದಿಬ್ಬಗಳು. ಬಳಚಿನ ಮನೆ ಈ ದಿಬ್ಬಗಳೇ.

ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ಸಂಶೋಧಕರು 2008ರ ಹೊತ್ತಿಗೆ ಇಲ್ಲಿನ ಚಿಪ್ಪುಜೀವಿಗಳ ಆರ್ಥಿಕ ಲೆಕ್ಕ ಹಾಕಿದ್ದರು. ವರ್ಷಕ್ಕೆ ಸುಮಾರು 22,000 ಟನ್ ಇಳುವರಿ, ಅಂದಿನ ಬೆಲೆಯಲ್ಲಿ ಐದೂಮುಕ್ಕಾಲು ಕೋಟಿ ರೂಪಾಯಿಯಷ್ಟು ವಹಿವಾಟು, ನೇರವಾಗಿ ದುಡಿಯುವವರು 2,300ಕ್ಕೂ ಹೆಚ್ಚು ಮಂದಿ. ಬಂದರಿನ ಹೂಡಿಕೆಯ ಪಕ್ಕದಲ್ಲಿಟ್ಟರೆ ಆ ಕೋಟಿಗಳು ಏನೂ ಅಲ್ಲ ಅನಿಸಬಹುದು. ಆದರೆ ಈ ಹಣಕ್ಕೆ ಬಂಡವಾಳವಾಗಿ ಹಾಕಿದ್ದು ಬುಟ್ಟಿ, ಕತ್ತಿ, ಹೆಚ್ಚೆಂದರೆ ಒಂದು ಸಣ್ಣ ದೋಣಿ. ಬೀಜ, ಗೊಬ್ಬರ, ಡೀಸೆಲ್ ಯಾವುದರ ಖರ್ಚೂ ಇಲ್ಲ. ಮನೆಯ ಸುಕ್ಕಕ್ಕೆ ಒಂದು ಪಾಲು, ಮಾರಾಟಕ್ಕೆ ಒಂದು ಪಾಲು. ಮನೆಗೆ ಉಳಿದ ಪಾಲು ಯಾವ ಮಾರುಕಟ್ಟೆ ಲೆಕ್ಕದಲ್ಲೂ ಸರಿಯಾಗಿ ಬರುವುದಿಲ್ಲ.

ಇದು ಗಡಿಯಾರ ನೋಡಿ ಮಾಡುವ ಕೆಲಸವಲ್ಲ. ದಿನಕ್ಕೆ ಎರಡು ಸಲ ನೀರು ಇಳಿಯುತ್ತದೆ, ಆ ಹೊತ್ತು ದಿನದಿಂದ ದಿನಕ್ಕೆ ಮುಕ್ಕಾಲು ಗಂಟೆಗಿಂತ ತುಸು ಹೆಚ್ಚು ಮುಂದಕ್ಕೆ ಹೋಗುತ್ತದೆ. ಹುಣ್ಣಿಮೆ-ಅಮಾವಾಸ್ಯೆಯ ಆಸುಪಾಸಿನಲ್ಲಿ ಇಳಿತ ಜೋರು, ಹೆಚ್ಚು ದಿಬ್ಬ ತೆರೆದುಕೊಳ್ಳುತ್ತದೆ. ಹೆಂಗಸರು ಕಾಲಿನಲ್ಲೇ ತಡವಿ, ಕೈಯಲ್ಲಿ ಎತ್ತುತ್ತಾರೆ. ಆಳದಲ್ಲಿ ಗಂಡಸರು ಮುಳುಗಿ ತೆಗೆಯುತ್ತಾರೆ.

ಇದನ್ನು ಕೃಷಿ ಎನ್ನಬಹುದೆ? ಅಘನಾಶಿನಿಯಲ್ಲಿ ನಡೆಯುವುದು ಬಹುಪಾಲು ಹೆಕ್ಕುವಿಕೆ. ಬಿತ್ತಿ ಬೆಳೆಯುವ ಬಗೆ ನೋಡಬೇಕೆಂದರೆ ಕಾಸರಗೋಡು ಜಿಲ್ಲೆಯ ಪಡನ್ನ, ಚೆರುವತ್ತೂರಿಗೆ ಹೋಗಬೇಕು. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಮಾರ್ಗದರ್ಶನದಲ್ಲಿ ತೊಂಬತ್ತರ ದಶಕದ ನಡುವಿನಿಂದ ಅಲ್ಲಿನ ಮಹಿಳಾ ಸಂಘಗಳು ಹಿನ್ನೀರಿನಲ್ಲಿ ಬಿದಿರಿನ ಚಪ್ಪರ ಹಾಕಿ ಹಗ್ಗಕ್ಕೆ ಪಚ್ಚಿಲೆ ಮರಿ ಕಟ್ಟಿ ಇಳಿಬಿಡುತ್ತವೆ, ಮುಂಗಾರಿನ ಸಿಹಿನೀರು ಬರುವ ಮುಂಚೆ ಎತ್ತುತ್ತವೆ. ಬಗೆ ಬೇರೆಯಾದರೂ ಎರಡಕ್ಕೂ ಆಧಾರ ಒಂದೇ: ಹೊಳೆಯ ನೀರು ಸಮಯಕ್ಕೆ ಸರಿಯಾಗಿ ಉಪ್ಪಾಗಬೇಕು, ಸಮಯಕ್ಕೆ ಸರಿಯಾಗಿ ಸಿಹಿಯಾಗಬೇಕು.

ಉಪ್ಪಿನ ಲೆಕ್ಕ

ಕಡಲಿನ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ, ಹೊಳೆಯ ನೀರಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಅಳಿವೆಯಲ್ಲಿ ಇವೆರಡೂ ಬೆರೆಯುತ್ತವೆ. ಬೆರೆಯುವ ಪ್ರಮಾಣ ತಿಂಗಳಿಂದ ತಿಂಗಳಿಗೆ, ಮೈಲಿಯಿಂದ ಮೈಲಿಗೆ ಬದಲಾಗುತ್ತದೆ. ಆಷಾಢದಲ್ಲಿ ಅಳಿವೆಬಾಯಿವರೆಗೂ ಕೆಂಪು ಸಿಹಿನೀರು. ಮಾರ್ಚ್-ಏಪ್ರಿಲ್‌ನಲ್ಲಿ ಒಳನಾಡಿನ ಊರುಗಳವರೆಗೂ ಉಪ್ಪು.

ಒಂದೊಂದು ಜಾತಿಯ ಚಿಪ್ಪಿಗೆ ಒಂದೊಂದು ಹದ. ಪಾಫಿಯಾ ಮಲಬಾರಿಕಾ ಎಂಬ ಜಾತಿಗೆ ಕಡಲಿನ ಹತ್ತಿರದ ಉಪ್ಪುನೀರು ಬೇಕು. ವಿಲ್ಲೊರಿಟಾ ಎಂಬ ಕಪ್ಪು ಚಿಪ್ಪಿನದು ಉಪ್ಪು ಕಡಿಮೆ ಇರುವ ಮೇಲ್ಭಾಗದಲ್ಲಿ ಬದುಕುತ್ತದೆ. ಉಪ್ಪಿನ ಈ ಏರಿಳಿತ ಇರುವುದರಿಂದಲೇ ಒಂದೇ ಹೊಳೆಯಲ್ಲಿ ಹಲವು ಜಾತಿಗಳಿಗೆ ಜಾಗ ಸಿಗುತ್ತದೆ.

ಏರಿಳಿತ ನಿಂತರೆ ಏನಾಗುತ್ತದೆ ಎಂದು ಊಹಿಸಬೇಕಿಲ್ಲ. ಪಕ್ಕದ ಶರಾವತಿಯಲ್ಲಿ ಅದು ಆಗಿದೆ. 1964ರಲ್ಲಿ ಲಿಂಗನಮಕ್ಕಿ, ಆಮೇಲೆ ಕೆಳಗೆ ಗೇರುಸೊಪ್ಪ. ವಿದ್ಯುತ್ ಉತ್ಪಾದಿಸಿದ ನೀರನ್ನು ವರ್ಷವಿಡೀ ಕೆಳಕ್ಕೆ ಬಿಡುವುದರಿಂದ ಬೇಸಿಗೆಯಲ್ಲೂ ಹೊನ್ನಾವರದ ಅಳಿವೆಯಲ್ಲಿ ಉಪ್ಪಿನಂಶ ಏರುವುದಿಲ್ಲ. ಉಪ್ಪು ಬೇಡುವ ಜಾತಿಗಳು ಅಲ್ಲಿ ಕ್ಷೀಣಿಸಿ, ಸಿಹಿಗೆ ಒಗ್ಗುವ ಕಪ್ಪು ಚಿಪ್ಪಿನದೇ ಮೇಲುಗೈಯಾಗಿದೆ. ಒಂದು ಹನಿ ವಿಷವೂ ಬೀಳದೆ, ಹೊಗೆಕೊಳವೆಯ ಒಂದೇ ಒಂದು ಕಾರ್ಖಾನೆಯೂ ಇಲ್ಲದೆ ಆದ ಬದಲಾವಣೆ ಇದು. ನೀರು ಸಿಹಿಯಾದರೆ ಯಾರಿಗೆ ನಷ್ಟ ಎಂದು ಕೇಳುವವರಿಗೆ ಉತ್ತರ ಅಲ್ಲಿದೆ.

ಅಘನಾಶಿನಿಯ ನೀರನ್ನು ಘಟ್ಟದ ಮೇಲೆ ತಿರುಗಿಸಿದರೆ ಆಗುವುದು ಇದರ ತಿರುವುಮುರುವು. ಮೇಲಿನಿಂದ ಬರುವ ಸಿಹಿನೀರು ತಗ್ಗುತ್ತದೆ, ಕಡಲು ಇನ್ನಷ್ಟು ಒಳಗೆ ನುಗ್ಗುತ್ತದೆ, ಬಾವಿಗಳಿಗೂ ಗಜನಿಗೂ ಉಪ್ಪು ಮುಟ್ಟುತ್ತದೆ, ಹೊಳೆ ಹೊತ್ತು ತರುವ ಪೋಷಕಾಂಶ ಕಡಿಮೆಯಾಗುತ್ತದೆ. ‘ಕಡಲಿಗೆ ಹೋಗಿ ವ್ಯರ್ಥವಾಗುವ ನೀರು’ ಎಂಬ ಮಾತು ಬಯಲುಸೀಮೆಯ ಬರಗಾಲದಲ್ಲಿ ನ್ಯಾಯವಾಗಿಯೇ ಕೇಳಿಸುತ್ತದೆ, ಅಲ್ಲಿನ ಬಾಯಾರಿಕೆ ಸುಳ್ಳಲ್ಲ. ಆದರೆ ಆ ನೀರು ಅಳಿವೆಯಲ್ಲಿ ಕೆಲಸ ಮಾಡುತ್ತಿದೆ, ಅದರ ಕೂಲಿಯನ್ನು ಬಳಚಿನ ರೂಪದಲ್ಲಿ ಜನ ಹೆಕ್ಕುತ್ತಿದ್ದಾರೆ.

ಹೂಳೆತ್ತಿದಾಗ

ದೊಡ್ಡ ಹಡಗು ಬರಬೇಕಾದರೆ ಆಳ ಬೇಕು. ನಮ್ಮ ಅಳಿವೆಗಳು ಆಳವಿಲ್ಲದವು. ಹಾಗಾಗಿ ಬಂದರು ಎಂದರೆ ಮೊದಲಿಗೆ ಹೂಳೆತ್ತುವುದು, ಅದೂ ಒಮ್ಮೆ ಎತ್ತಿದರೆ ಮುಗಿಯುವುದಿಲ್ಲ. ಪ್ರತಿ ಮಳೆಗಾಲ ಹೊಳೆ ಮತ್ತೆ ಮಣ್ಣು ತರುತ್ತದೆ, ಮತ್ತೆ ಎತ್ತಬೇಕು.

ಇದರಿಂದ ಬಳಚಿಗೆ ಮೂರು ಬಗೆಯ ಪೆಟ್ಟು. ಎತ್ತುವ ಜಾಗವೇ ಚಿಪ್ಪಿನ ದಿಬ್ಬವಾದರೆ ದಿಬ್ಬವೇ ಹೋಯಿತು. ಎತ್ತುವಾಗ ಏಳುವ ಕದಡು ಸುತ್ತಲಿನ ದಿಬ್ಬಗಳ ಮೇಲೆ ಕೂತು ಮರಿಗಳನ್ನು ಹೂಳುತ್ತದೆ, ದೊಡ್ಡವುಗಳ ಕಿವಿರನ್ನು ಕಟ್ಟುತ್ತದೆ. ಹಡಗಿನ ಕಾಲುವೆ ಆಳವಾದ ಮೇಲೆ ಉಬ್ಬರದ ನೀರು ಮುಂಚಿಗಿಂತ ಜೋರಾಗಿ, ದೂರಕ್ಕೆ ನುಗ್ಗುವುದರಿಂದ ಉಪ್ಪಿನ ನಕಾಶೆಯೇ ಬದಲಾಗುತ್ತದೆ. ಮೂರನೆಯದು ವರದಿಗಳಲ್ಲಿ ಕಡಿಮೆ ಚರ್ಚೆಯಾಗುವ ವಿಷಯ, ಆದರೆ ಬಹಳ ಕಾಲ ಉಳಿಯುವುದು ಅದೇ.

ಎತ್ತಿದ ಹೂಳನ್ನು ಎಲ್ಲಿ ಸುರಿಯುತ್ತಾರೆ ಎನ್ನುವುದೂ ಮುಖ್ಯ. ತಗ್ಗು ಗಜನಿಗಳನ್ನು ತುಂಬಿಸಲು ಅದು ಸುಲಭದ ಮಣ್ಣು. ಗಜನಿ ತುಂಬಿದರೆ ಮಳೆಗಾಲದ ನೆರೆ ಹರಡಿಕೊಳ್ಳುವ ಜಾಗ ಹೋಗುತ್ತದೆ, ನೆರೆ ಊರಿನತ್ತ ತಿರುಗುತ್ತದೆ.

ನೀರಿಗೆ ಬೆರೆಯುವುದು

ಫ್ರಾನ್ಸಿನ ಪಶ್ಚಿಮ ಕರಾವಳಿಯ ಆರ್ಕಶೋನ್ ಕೊಲ್ಲಿ ಸಿಂಪಿ ಸಾಕಣೆಗೆ ಹೆಸರಾದದ್ದು. 1970ರ ದಶಕದ ಕೊನೆಯಲ್ಲಿ ಅಲ್ಲಿ ಮರಿಗಳು ಕೂರುವುದು ನಿಂತುಹೋಯಿತು, ಬೆಳೆದ ಸಿಂಪಿಗಳ ಚಿಪ್ಪು ವಿಕಾರವಾಗಿ ದಪ್ಪಗಾಯಿತು. ಹುಡುಕಿದಾಗ ಸಿಕ್ಕ ಕಾರಣ ಕಾರ್ಖಾನೆಯಲ್ಲ, ದೋಣಿಗಳ ತಳಕ್ಕೆ ಬಳಿಯುವ ಬಣ್ಣ. ತಳಕ್ಕೆ ಜೀವಿಗಳು ಅಂಟದಿರಲೆಂದು ಅದಕ್ಕೆ ಟ್ರೈಬ್ಯುಟೈಲ್ ಟಿನ್ ಎಂಬ ರಾಸಾಯನಿಕ ಬೆರೆಸುತ್ತಿದ್ದರು. ನೀರಿನಲ್ಲಿ ಅತ್ಯಲ್ಪ ಪ್ರಮಾಣದಲ್ಲಿದ್ದರೂ ಅದು ಸಿಂಪಿಗೆ ಮಾರಕ. 1982ರಲ್ಲಿ ಫ್ರಾನ್ಸ್ ಸಣ್ಣ ದೋಣಿಗಳಿಗೆ ಅದನ್ನು ನಿರ್ಬಂಧಿಸಿತು, ಸಾಕಣೆ ಚೇತರಿಸಿಕೊಂಡಿತು. ಹಡಗುಗಳಿಗೂ ಅನ್ವಯಿಸುವ ಅಂತರರಾಷ್ಟ್ರೀಯ ನಿಷೇಧ ಜಾರಿಯಾಗಲು 2008ರವರೆಗೆ ಕಾಯಬೇಕಾಯಿತು. ಸಿಂಪಿ ಸಾಕುವವರೂ ದೋಣಿಯವರೂ ಇವತ್ತಿಗೂ ಅದೇ ಕೊಲ್ಲಿಯಲ್ಲಿದ್ದಾರೆ. ಹೊಂದಾಣಿಕೆ ಸಾಧ್ಯವಾದದ್ದು ಯಾವ ವಸ್ತುವಿನಿಂದ ಕೆಡುಕಾಗುತ್ತಿದೆ ಎಂದು ಖಚಿತವಾಗಿ ಗೊತ್ತಾದ ಮೇಲೆ.

ಹಡಗಿನೊಂದಿಗೆ ಬರುವ ಇನ್ನೊಂದು ಅಪಾಯ ಅದರ ಹೊಟ್ಟೆಯಲ್ಲಿರುತ್ತದೆ. ಸರಕಿಲ್ಲದ ಹಡಗು ತೂಕಕ್ಕೆಂದು ದೂರದ ಬಂದರಿನಲ್ಲಿ ನೀರು ತುಂಬಿಕೊಂಡು ಬಂದು ಇಲ್ಲಿ ಬಿಡುತ್ತದೆ. ಆ ನೀರಿನಲ್ಲಿ ಅಲ್ಲಿನ ಮರಿಗಳೂ ಬರುತ್ತವೆ. ಅಮೆರಿಕಾ ಖಂಡದ ಮೂಲದ ಒಂದು ಜಾತಿಯ ಚಿಪ್ಪುಜೀವಿ ಈಗ ಕೇರಳದ ಹಿನ್ನೀರುಗಳಲ್ಲಿ ಹಬ್ಬಿ ಸ್ಥಳೀಯ ಜಾತಿಗಳ ಜಾಗ ಕಸಿಯುತ್ತಿದೆ. ಹಡಗುಗಳು ಈ ನೀರನ್ನು ಸಂಸ್ಕರಿಸಿಯೇ ಬಿಡಬೇಕೆಂಬ ಅಂತರರಾಷ್ಟ್ರೀಯ ಒಪ್ಪಂದ 2017ರಿಂದ ಜಾರಿಯಲ್ಲಿದೆ.

ತದಡಿಯಲ್ಲಿ ಹಿಂದೊಮ್ಮೆ 4,000 ಮೆಗಾವಾಟ್‌ನ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಪ್ರಸ್ತಾಪವಿತ್ತು, ವಿರೋಧದಿಂದ ಕೈಬಿಡಲಾಯಿತು. ಅಂಥ ಸ್ಥಾವರ ಯಂತ್ರ ತಂಪಾಗಿಸಲು ಅಪಾರ ನೀರು ಎಳೆಯುತ್ತದೆ. ನೀರಿನೊಂದಿಗೆ ತೇಲುವ ಮರಿಗಳೂ ಕೊಳವೆಗೆ ಹೋಗುತ್ತವೆ, ಹೊರಬರುವ ನೀರು ಬಿಸಿ.

ಎಲ್ಲ ಕೆಡುಕಿಗೂ ಕೈಗಾರಿಕೆಯೇ ಕಾರಣವಲ್ಲ ಎಂದೂ ಇಲ್ಲೇ ಹೇಳಬೇಕು. 1983ರಲ್ಲಿ ಮಂಗಳೂರಿಗೆ ಹತ್ತಿರದ ಕುಂಬಳೆ ಅಳಿವೆಯ ಮರುವಾಯಿ ತಿಂದವರಿಗೆ ವಿಷಬಾಧೆಯಾಗಿತ್ತು. ಕಾರಣ ಸೂಕ್ಷ್ಮ ಪಾಚಿಯ ವಿಷ. ಬೇಯಿಸಿದರೂ ಅದು ಹೋಗುವುದಿಲ್ಲ. ಊರ ಚರಂಡಿ ನೀರು ಇನ್ನೊಂದು ಮೂಲ. ಐರೋಪ್ಯ ಒಕ್ಕೂಟದಲ್ಲಿ ಚಿಪ್ಪು ಬೆಳೆಯುವ ನೀರನ್ನೇ ಮೂರು ದರ್ಜೆಯಾಗಿ ವಿಂಗಡಿಸುತ್ತಾರೆ. ನೂರು ಗ್ರಾಂ ಮಾಂಸದಲ್ಲಿ ಮಲಮೂಲದ ಬ್ಯಾಕ್ಟೀರಿಯಾ 230ರ ಒಳಗಿದ್ದರೆ ನೇರ ಮಾರಬಹುದು, ಅದಕ್ಕಿಂತ ಹೆಚ್ಚಾದರೆ ಶುದ್ಧ ನೀರಿನ ತೊಟ್ಟಿಯಲ್ಲಿ ಇರಿಸಿ ತೊಳೆದೋ ಬೇರೆಡೆ ಬೆಳೆಸಿಯೋ ಮಾರಬೇಕು. ತೊಟ್ಟಿಯಲ್ಲಿ ಬ್ಯಾಕ್ಟೀರಿಯಾ ಹೋಗುತ್ತದೆ, ದೇಹದಲ್ಲಿ ಸೇರಿದ ಸೀಸ-ಕ್ಯಾಡ್ಮಿಯಂ ಹಾಗೆ ಹೋಗುವುದಿಲ್ಲ.

ಹೆಕ್ಕುವುದಕ್ಕೂ ಮಿತಿ ಬೇಕೆ?

ಬೇಕು. ಬಳಚು ಮುಂಚಿನಷ್ಟು ಸಿಗುತ್ತಿಲ್ಲ ಎಂಬ ಮಾತನ್ನು ಅಘನಾಶಿನಿ ದಡದಲ್ಲಿ ಬಂದರಿನ ಹಡಗು ಬರುವ ಮುಂಚೆಯೇ ಕೇಳಬಹುದು. ಮರಳು ತೆಗೆಯುವುದು, ಸುಣ್ಣಕ್ಕೆಂದು ತಳದ ಹಳೆ ಚಿಪ್ಪು ಬಗೆಯುವುದು, ಹೊರಗಿನ ಬೇಡಿಕೆ ನೋಡಿ ಬೆಳೆಯದ ಮರಿಯನ್ನೂ ಎತ್ತುವುದು, ಇವೆಲ್ಲ ಪೆಟ್ಟು ಕೊಟ್ಟಿವೆ. ತೊಂಬತ್ತರ ದಶಕದಲ್ಲಿ ಗಜನಿಗಳಿಗೆ ಸಿಗಡಿ ಕೃಷಿ ನುಗ್ಗಿ, ಬಿಳಿಚುಕ್ಕೆ ರೋಗ ಬಂದು ಮಲಗಿತು. ಕಗ್ಗ ಬೆಳೆಯುತ್ತಿದ್ದ ಎಷ್ಟೋ ಗದ್ದೆ ಮತ್ತೆ ಕಗ್ಗಕ್ಕೆ ಮರಳಲಿಲ್ಲ.

ಕೊಲ್ಲಂ ಬಳಿಯ ಅಷ್ಟಮುಡಿ ಸರೋವರದಲ್ಲಿ ಇದಕ್ಕೊಂದು ದಾರಿ ಹುಡುಕಿದರು. ಮೊಟ್ಟೆಯಿಡುವ ಕಾಲವಾದ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಹಿಡಿಯುವಂತಿಲ್ಲ. ಬಲೆಯ ಕಣ್ಣಿಗೆ ಅಳತೆ, ಮಾರುವ ಚಿಪ್ಪಿಗೆ ಕನಿಷ್ಠ ಗಾತ್ರ. 2014ರಲ್ಲಿ ಅಲ್ಲಿನ ಪಾಫಿಯಾ ಮೀನುಗಾರಿಕೆಗೆ ಅಂತರರಾಷ್ಟ್ರೀಯ ಸುಸ್ಥಿರತೆಯ ಪ್ರಮಾಣಪತ್ರ ಸಿಕ್ಕಿತು, ಭಾರತದಲ್ಲಿ ಅದೇ ಮೊದಲು. ಇಂಥ ನಿಯಮಗಳ ಇನ್ನೊಂದು ಉಪಯೋಗ ಸುಲಭಕ್ಕೆ ಕಾಣುವುದಿಲ್ಲ: ಎಷ್ಟು ಹಿಡಿಯುತ್ತೇವೆ ಎಂಬ ಲೆಕ್ಕ ಬರಹದಲ್ಲಿ ಉಳಿಯುತ್ತದೆ. ನಾಳೆ ಯೋಜನೆಯೊಂದು ಬಂದಾಗ ಆ ಲೆಕ್ಕವೇ ಸಾಕ್ಷಿ.

ಕಾನೂನು ಏನನ್ನು ಕಾಯುತ್ತದೆ

ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ ಪ್ರದೇಶ ರಾಮ್ಸರ್ ಪಟ್ಟಿ ಸೇರಿದ್ದು 2024ರ ಆರಂಭದಲ್ಲಿ ಸುದ್ದಿಯಾಯಿತು. ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ಪಟ್ಟಿ ಅದು. ಇನ್ನು ಇಲ್ಲಿ ಯಾವ ಕೈಗಾರಿಕೆಯೂ ಬರುವಂತಿಲ್ಲ ಎಂದು ಹಲವರು ನಂಬಿದ್ದಾರೆ. ವಿಷಯ ಅಷ್ಟು ಸರಳವಲ್ಲ. ರಾಮ್ಸರ್ ತಾಣಗಳಲ್ಲಿ ಕೈಗಾರಿಕೆ ಮತ್ತು ಕಾಯಂ ಕಟ್ಟಡ ತಡೆಯುವುದು 2017ರ ಜೌಗುಪ್ರದೇಶ ನಿಯಮಗಳು. ಆದರೆ ಕರಾವಳಿ ನಿಯಂತ್ರಣ ವಲಯ, ಅಂದರೆ ಸಿಆರ್‌ಜೆಡ್ ವ್ಯಾಪ್ತಿಗೆ ಬರುವ ಜೌಗುಪ್ರದೇಶಕ್ಕೆ ತಾವು ಅನ್ವಯಿಸುವುದಿಲ್ಲ ಎಂದು ಆ ನಿಯಮಗಳೇ ಹೇಳುತ್ತವೆ. ಅಳಿವೆ ಸಿಆರ್‌ಜೆಡ್‌ನಲ್ಲಿದೆ. ಹಾಗಾಗಿ ರಾಮ್ಸರ್ ಹೆಸರಿಗೆ ನೈತಿಕ ತೂಕ ಬಹಳ, ಆದರೆ ದಿನನಿತ್ಯದ ಕಾವಲು ಸಿಆರ್‌ಜೆಡ್ ಅಧಿಸೂಚನೆಯದು.

ಆ ಅಧಿಸೂಚನೆಯ ಈಗಿನ ರೂಪ 2019ರದ್ದು. ಕಾಂಡ್ಲಾ ಕಾಡು, ಜೀವಸಮೃದ್ಧ ಕೆಸರುದಿಬ್ಬ ಮುಂತಾದವು ಅತಿ ಸೂಕ್ಷ್ಮ ಎಂಬ ಮೊದಲ ವರ್ಗದಲ್ಲಿವೆ. ಉಬ್ಬರ-ಇಳಿತದ ನಡುವಿನ ನೆಲ ಅದೇ ವರ್ಗದ ಇನ್ನೊಂದು ಭಾಗ. ಹೊಳೆಯಲ್ಲಿ ವಲಯ ಎಲ್ಲಿಯವರೆಗೆ ಎಂಬುದಕ್ಕೆ ಅಳತೆಗೋಲು ಉಪ್ಪು: ವರ್ಷದ ಅತಿ ಒಣ ಕಾಲದಲ್ಲಿ ಲೀಟರಿಗೆ 5 ಗ್ರಾಂ ಉಪ್ಪು ಸಿಗುವಲ್ಲಿಯವರೆಗೆ. ಬಂದರಿನಂಥ, ನೀರಂಚು ಇಲ್ಲದೆ ಆಗದ ಚಟುವಟಿಕೆಗಳಿಗೆ ಇದೇ ಅಧಿಸೂಚನೆಯಲ್ಲಿ ವಿನಾಯಿತಿಯ ಬಾಗಿಲೂ ಇದೆ. ಆದ್ದರಿಂದ ಜಗಳ ಕೊನೆಗೆ ಬಂದು ನಿಲ್ಲುವುದು ನಕಾಶೆಯ ಮೇಲೆ. ಒಂದು ದಿಬ್ಬವನ್ನು ಜೀವಸಮೃದ್ಧ ಎಂದು ಗುರುತಿಸಿದ್ದಾರೋ, ಬರಿಯ ಕೆಸರು ಎಂದು ಬಿಟ್ಟಿದ್ದಾರೋ ಎನ್ನುವುದರ ಮೇಲೆ ಬಹಳಷ್ಟು ನಿಂತಿದೆ.

ಹಕ್ಕಿನ ಪ್ರಶ್ನೆ

ಗದ್ದೆಗೆ ಪಹಣಿ ಇದೆ. ಬಳಚಿನ ದಿಬ್ಬಕ್ಕೆ ಇಲ್ಲ. ನೀರಡಿಯ ನೆಲ ಸರ್ಕಾರದ್ದು. ತಲೆಮಾರುಗಳಿಂದ ಹೆಕ್ಕುತ್ತಿರುವ ಅಂಬಿಗ, ಹರಿಕಂತ್ರ, ಹಾಲಕ್ಕಿ ಕುಟುಂಬಗಳ ಹೆಸರು ಯಾವ ದಾಖಲೆಯಲ್ಲೂ ಆ ದಿಬ್ಬದ ಎದುರು ಇರುವುದಿಲ್ಲ. 2013ರ ಭೂಸ್ವಾಧೀನ ಕಾಯ್ದೆಯಲ್ಲಿ ನೀರಿನ ಮೂಲವನ್ನು ನಂಬಿ ಬದುಕುವವರನ್ನೂ ಬಾಧಿತ ಕುಟುಂಬ ಎಂದು ಎಣಿಸಲು ಅವಕಾಶವಿದೆ. ಆದರೆ ಆ ಕಾಯ್ದೆ ಕೆಲಸ ಮಾಡುವುದು ಭೂಮಿ ಸ್ವಾಧೀನವಾದಾಗ. ಸರ್ಕಾರದ್ದೇ ಆದ ಹೊಳೆತಳವನ್ನು ಸರ್ಕಾರ ಸ್ವಾಧೀನಪಡಿಸಿಕೊಳ್ಳಬೇಕಾಗಿಲ್ಲ. ಹೀಗಾಗಿ ದಡದ ತೆಂಗಿನ ಮರಕ್ಕೆ ಪರಿಹಾರ ಬರುತ್ತದೆ, ನೀರಿನೊಳಗಿನ ದಿಬ್ಬಕ್ಕೆ ಬರುವುದು ಖಾತ್ರಿಯಿಲ್ಲ.

ವರದಿ ಕೈಗೆ ಬಂದಾಗ ಏನು ನೋಡಬೇಕು

2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ ದೊಡ್ಡ ಬಂದರಿಗೆ ಅನುಮತಿ ಕೊಡುವ ಮುಂಚೆ ಅಧ್ಯಯನ ವರದಿ ತಯಾರಾಗಬೇಕು, ಸಾರ್ವಜನಿಕ ವಿಚಾರಣೆ ನಡೆಯಬೇಕು. ವಿಚಾರಣೆ ಏರ್ಪಡಿಸುವುದು ಮಾಲಿನ್ಯ ನಿಯಂತ್ರಣ ಮಂಡಳಿ, ಕನಿಷ್ಠ 30 ದಿನ ಮುಂಚೆ ಪ್ರಕಟಣೆ ಕೊಡಬೇಕು. ವರದಿಯ ಸಾರಾಂಶ ಕನ್ನಡದಲ್ಲಿ ಸಿಗಬೇಕು.

ನೂರಾರು ಪುಟ ಓದಲು ಪುರುಸೊತ್ತಿಲ್ಲದವರು ಮೊದಲು ಹುಡುಕಬೇಕಾದ್ದು ಮಾಹಿತಿ ಸಂಗ್ರಹಿಸಿದ ತಿಂಗಳುಗಳು. ಬೇಸಿಗೆಯ ಮೂರು ತಿಂಗಳ ಮಾಹಿತಿ ಮಾತ್ರ ಇದ್ದರೆ ಅಳಿವೆಯ ಅರ್ಧ ವರ್ಷ ವರದಿಯಲ್ಲಿ ಇಲ್ಲ ಎಂದೇ ಅರ್ಥ, ಏಕೆಂದರೆ ಉಪ್ಪಿನ ಏರಿಳಿತ ಕಾಣುವುದು ಮಳೆಗಾಲವನ್ನೂ ಸೇರಿಸಿ ಅಳೆದಾಗ. ಆಮೇಲೆ ಚಿಪ್ಪಿನ ದಿಬ್ಬಗಳನ್ನು ನಕಾಶೆಯಲ್ಲಿ ಗುರುತಿಸಿದ್ದಾರೆಯೇ, ಮೀನುಗಾರರ ಎಣಿಕೆಯಲ್ಲಿ ದೋಣಿಯಿಲ್ಲದ ಹೆಂಗಸರು ಇದ್ದಾರೆಯೇ, ಹೂಳು ಎಷ್ಟು, ಎಲ್ಲಿಗೆ, ಪ್ರತಿ ವರ್ಷವೂ ಎತ್ತಬೇಕೆ? ಮರಿ ಕೂರುವ ಕಾಲದಲ್ಲಿ ಹೂಳೆತ್ತುವುದನ್ನು ನಿಲ್ಲಿಸುವ ಷರತ್ತು ಇದೆಯೇ? ಪಕ್ಕದ ಅಳಿವೆಗಳ ಬೇರೆ ಯೋಜನೆಗಳ ಪರಿಣಾಮವನ್ನೂ ಕೂಡಿಸಿ ನೋಡಿದ್ದಾರೆಯೇ?

ವಿಚಾರಣೆಗೆ ಇಂತಿಷ್ಟೇ ಜನ ಬರಬೇಕೆಂಬ ನಿಯಮವಿಲ್ಲ, ಹತ್ತೇ ಮಂದಿ ಬಂದರೂ ಅದು ನಡೆದಂತೆಯೇ ಲೆಕ್ಕ. ಮಾತನಾಡಲು ಆಗದವರು ಬರೆದು ಕೊಡಬಹುದು. ಸಭೆಯ ಕೊನೆಯಲ್ಲಿ ನಡಾವಳಿಯನ್ನು ಸ್ಥಳೀಯ ಭಾಷೆಯಲ್ಲಿ ವಿವರಿಸಿ ಓದಬೇಕು, ಜನ ಎತ್ತಿದ ಒಂದೊಂದು ಆಕ್ಷೇಪಕ್ಕೂ ಯೋಜನೆಯವರು ಕೊಟ್ಟ ಉತ್ತರವನ್ನು ದಾಖಲಿಸಬೇಕು. ಬಹಳ ಜನ ಭಾಷಣ ಮುಗಿದ ಕೂಡಲೇ ಎದ್ದು ಬಸ್ಸು ಹಿಡಿಯುತ್ತಾರೆ. ಬಳಚಿನ ಹೆಸರು ನಡಾವಳಿಯಲ್ಲಿ ಬರೆದಿದ್ದಾರೋ ಇಲ್ಲವೋ ಎಂದು ತಿಳಿಯುವುದು ಆ ಓದಿನ ಹೊತ್ತಿನಲ್ಲಿ. ಬಿಟ್ಟುಹೋಗಿದ್ದರೆ ಸೇರಿಸಿ ಎಂದು ಅಲ್ಲೇ ಕೇಳಬಹುದು.